ಜೀನ್ ಹ್ಯಾಕ್‌ಮನ್: ಎರಡು ಆಸ್ಕರ್‌ಗಳ ನಡುವಿನ 21 ವರ್ಷ

ಹಳೇ ಟಾಕೀಸ್

2025ರ ಫೆಬ್ರವರಿಯಲ್ಲಿ ಜೀನ್ ಹ್ಯಾಕ್‌ಮನ್ ತೀರಿಕೊಂಡಾಗ ನಾನು ಓದಿದ ಬರಹಗಳಲ್ಲೆಲ್ಲ ಎರಡೇ ಸಿನಿಮಾದ ಮಾತು. ಒಂದು 1971ರ ‘ದಿ ಫ್ರೆಂಚ್ ಕನೆಕ್ಷನ್’, ಇನ್ನೊಂದು 1992ರ ‘ಅನ್‌ಫರ್ಗಿವನ್’. ಮೊದಲನೆಯದಕ್ಕೆ ನಾಯಕನಟ ಆಸ್ಕರ್, ಎರಡನೆಯದಕ್ಕೆ ಪೋಷಕನಟ ಆಸ್ಕರ್. ನಡುವೆ 21 ವರ್ಷ. ಆ 21 ವರ್ಷ ಮನುಷ್ಯ ಏನು ಮಾಡುತ್ತಿದ್ದ ಅಂತ ಯಾರೂ ಕೇಳೋದಿಲ್ಲ. ಮದುವೆ ಊಟದಲ್ಲಿ ಪಾಯಸ, ಹೋಳಿಗೆ ನೆನಪಿಟ್ಟುಕೊಂಡು ಅನ್ನ ಸಾರು ಮರೆತ ಹಾಗೆ.

ಈತನ ಲೆಕ್ಕವೇ ಬೇರೆ. ಹುಟ್ಟಿದ್ದು 1930ರಲ್ಲಿ. 16ಕ್ಕೆ ಸುಳ್ಳು ವಯಸ್ಸು ಹೇಳಿ ಮರೀನ್ ಪಡೆ ಸೇರಿದ ಹುಡುಗ. ಆಮೇಲೆ ಪಾಸಡೀನಾ ಪ್ಲೇಹೌಸ್‌ನಲ್ಲಿ ನಟನೆ ಕಲಿಯುವಾಗ ಇವನೂ ಡಸ್ಟಿನ್ ಹಾಫ್‌ಮನ್ನೂ ಉದ್ಧಾರ ಆಗೋದಿಲ್ಲ ಅಂತ ಜೊತೆಗಿದ್ದವರೇ ತೀರ್ಮಾನ ಮಾಡಿದ್ದರಂತೆ. ಜನ ಗುರುತಿಸಿದ್ದು 37ಕ್ಕೆ, ‘ಬಾನಿ ಅಂಡ್ ಕ್ಲೈಡ್’ ಬಂದಾಗ. ಸ್ಟಾರ್ ಆಗಿದ್ದು 41ಕ್ಕೆ. ಬೇರೆಯವರು ಅಪ್ಪನ ಪಾತ್ರಕ್ಕೆ ಇಳಿಯುವ ವಯಸ್ಸಿನಲ್ಲಿ ಇವನ ಬಂಡಿ ಹೊರಟಿತು. ಮುಖವೂ ಅಷ್ಟೇ. ಕೂದಲು ಹಿಂದೆ ಸರಿದಿದೆ, ಮೂಗು ದಪ್ಪ. ಆಫೀಸಿನಲ್ಲಿ ನಿಮ್ಮ ಪಕ್ಕದ ಟೇಬಲ್ಲಿನ ಮನುಷ್ಯನ ಹಾಗೆ.

ನನ್ನ ಪ್ರಕಾರ 1975ರಿಂದ 1988ರವರೆಗಿನ ಕಾಲವೇ ಇವನ ಅಸಲಿ ಕೆಲಸ. ಅದರಲ್ಲಿ ಮೊದಲನೆಯದು ಆರ್ಥರ್ ಪೆನ್ ನಿರ್ದೇಶನದ ‘ನೈಟ್ ಮೂವ್ಸ್’. ಹ್ಯಾರಿ ಮೋಸ್ಬಿ ಅನ್ನೋ ಖಾಸಗಿ ಪತ್ತೇದಾರನ ಕತೆ. ಬಂದಾಗ ಓಡಲಿಲ್ಲ. ಓಡುವ ಸಿನಿಮಾನೂ ಅಲ್ಲ ಬಿಡಿ. ಪತ್ತೇದಾರಿ ಕತೆ ಅಂದರೆ ಕೊನೆಗೆ ಗಂಟು ಬಿಚ್ಚಬೇಕು. ಇಲ್ಲಿ ಮೋಸ್ಬಿಗೆ ಪ್ರತಿಯೊಂದೂ ಒಂದು ಹೆಜ್ಜೆ ತಡವಾಗಿ ಗೊತ್ತಾಗುತ್ತದೆ.

ಅವನ ಹತ್ತಿರ ಒಂದು ಪುಟ್ಟ ಚೆಸ್ ಬೋರ್ಡ್ ಇರುತ್ತದೆ. ಒಂದು ರಾತ್ರಿ ಒಬ್ಬ ಹೆಂಗಸಿಗೆ 1922ರ ಒಂದು ಹಳೇ ಆಟ ಜೋಡಿಸಿ ತೋರಿಸುತ್ತಾನೆ. ಕುದುರೆಯನ್ನ ಮೂರು ಸಲ ನಡೆಸಿದ್ದರೆ ಆಟ ಗೆದ್ದ ಹಾಗೆ. ಆಡಿದವನಿಗೆ ಅದು ಕಾಣಲಿಲ್ಲ, ಬೇರೆ ಏನೋ ನಡೆಸಿ ಸೋತ. ಅವನು ಬದುಕಿರೋವರೆಗೂ ಕೊರಗಿರಬೇಕು ಅನ್ನುತ್ತಾನೆ ಮೋಸ್ಬಿ. ಆ ಮಾತು ಹೇಳುವಾಗ ಹ್ಯಾಕ್‌ಮನ್ ದನಿ ಒಂಚೂರೂ ಭಾರ ಆಗೋದಿಲ್ಲ. ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ಹೇಳುತ್ತಾನೆ. ಅಲ್ಲೇ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಿಮ್ಮ ಲೆಕ್ಕದಲ್ಲಿ ಯಾವುದು? ‘ಸೂಪರ್‌ಮ್ಯಾನ್’ ಅಂತ ಮಾತ್ರ ಹೇಳಬೇಡಿ.

ಬೋಂಡ ಬ್ರೇಕ್

ಸೂಪರ್‌ಮ್ಯಾನ್.

ಕಡೇ ಸಾಲು

ಟಾಕೀಸ್ ಸರ್, ನಿಮ್ಮ ಪ್ರೀತಿ ಅರ್ಥ ಆಗುತ್ತದೆ. ಆದರೆ ಇಷ್ಟು ಸಕ್ಕರೆ ಹಾಕಬೇಡಿ. ‘ನೈಟ್ ಮೂವ್ಸ್’ ಒಪ್ಪಿದೆ. ಅದಾದ ಮೇಲೆ ಏನಿದೆ ಹೇಳಿ. ‘ಲಕ್ಕಿ ಲೇಡಿ’, ‘ದಿ ಡಾಮಿನೊ ಪ್ರಿನ್ಸಿಪಲ್’, ‘ಮಾರ್ಚ್ ಆರ್ ಡೈ’. ಯಾವುದಾದರೂ ಎರಡನೇ ಸಲ ನೋಡುವ ಹಾಗಿದೆಯಾ? ದುಡ್ಡಿಗಾಗಿ ಸಿನಿಮಾ ಮಾಡಿದೆ ಅಂತ ಅವನೇ ಬಾಯಿಬಿಟ್ಟು ಹೇಳಿದ್ದಾನೆ. 1978 ಆದ ಮೇಲೆ ಸುಸ್ತಾಗಿ ಮೂರು ವರ್ಷ ಮನೆಯಲ್ಲಿ ಕೂತ. ವಾಪಸ್ ಬಂದ ಮೇಲೆ ಸಿಕ್ಕಿದ್ದಕ್ಕೆಲ್ಲ ಸಹಿ. 1988 ಒಂದೇ ವರ್ಷದಲ್ಲಿ ಐದು ಸಿನಿಮಾ ಬಿಡುಗಡೆ. ಐದು! ಇದು ಕಲೆ ಅಲ್ಲ ಸರ್, ಓವರ್‌ಟೈಮ್.

ನಡುಗಾಲದ ಹ್ಯಾಕ್‌ಮನ್ ಅಂದರೆ ಒಳ್ಳೆ ನಟ, ಕೆಟ್ಟ ಆಯ್ಕೆ. ಅಷ್ಟೇ.

ಬೋಂಡ ಬ್ರೇಕ್

ಸೂಪರ್‌ಮ್ಯಾನ್ ಅಂದದ್ದು ತಮಾಷೆಗಲ್ಲ ಮಾರಾಯ್ರೆ. ಒಂದು ಕತೆ ಉಂಟು, ನಿರ್ದೇಶಕ ರಿಚರ್ಡ್ ಡೋನರ್ ತಾವೇ ಎಷ್ಟೋ ಸಲ ಹೇಳಿದ್ದು. ಹ್ಯಾಕ್‌ಮನ್ ಮಾಡಿದ ಖಳ ಲೆಕ್ಸ್ ಲೂಥರ್‌ಗೆ ಮೀಸೆ ಇರಬಾರದು. ಹ್ಯಾಕ್‌ಮನ್ ಮೀಸೆ ಬಿಟ್ಟುಕೊಂಡು ಬಂದಿದ್ದಾರೆ, ತೆಗೆಯೋಕೆ ಸುತರಾಂ ಒಪ್ಪೋದಿಲ್ಲ. ಡೋನರ್ ಮುಖದಲ್ಲೂ ಮೀಸೆ. “ನೀವು ತೆಗೆದರೆ ನಾನೂ ತೆಗೆಯುತ್ತೇನೆ” ಅಂದರಂತೆ. ಸರಿ ಅಂತ ಹ್ಯಾಕ್‌ಮನ್ ಬೋಳಿಸಿಕೊಂಡರು. ಈಗ ನಿಮ್ಮದು ಅಂದಾಗ ಡೋನರ್ ಮೀಸೆಯನ್ನ ಸ್ಟಿಕ್ಕರ್ ಕಿತ್ತ ಹಾಗೆ ಕಿತ್ತು ಕೈಗೆ ಕೊಟ್ಟರು. ನಕಲಿ ಮೀಸೆ!

ಮೀಸೆ ಹೋಯಿತು, ತಲೆ ಮಾತ್ರ ಬೋಳಿಸಲಿಲ್ಲ. ಕಾಮಿಕ್ಸ್‌ನ ಲೂಥರ್ ಬೋಳುತಲೆಯವ. ಸಿನಿಮಾದಲ್ಲಿ ಲೂಥರ್ ಬೇರೆ ಬೇರೆ ವಿಗ್ ಹಾಕಿಕೊಳ್ಳುತ್ತಾನೆ ಅಂತ ಮಾಡಿ ಮುಗಿಸಿದರು.

ಹಳೇ ಟಾಕೀಸ್

ಬೋಂಡ, ಆ ಕತೆಗೆ ಬಾಲ ಇದೆ. ಮೊದಲ ಎರಡು ಸೂಪರ್‌ಮ್ಯಾನ್ ಒಟ್ಟಿಗೇ ಶೂಟ್ ಆಗುತ್ತಿದ್ದವು. ನಡುವೆ ಡೋನರ್‌ರನ್ನ ತೆಗೆದು ಬೇರೆ ನಿರ್ದೇಶಕರನ್ನ ತಂದರು. ಹ್ಯಾಕ್‌ಮನ್ ಮತ್ತೆ ಸೆಟ್ಟಿಗೆ ಕಾಲಿಡಲಿಲ್ಲ. ಎರಡನೇ ಭಾಗದಲ್ಲಿ ಕೆಲವು ಕಡೆ ಕಾಣೋದು ಡೂಪ್. ಮೀಸೆ ವಿಷಯದಲ್ಲಿ ಮೋಸ ಮಾಡಿದವನ ಪರವಾಗಿ ನಿಂತ ಮನುಷ್ಯ!

ಕಡೇ ಸಾಲು ಅವರಿಗೆ: ಓವರ್‌ಟೈಮ್ ಅನ್ನೋದು ಬೈಗುಳ ಅಂತ ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಕೇಳಿಸಲಿಲ್ಲ. ಕೆಲಸಕ್ಕೆ ಹೋದ ಹಾಗೆ ಸಿನಿಮಾಕ್ಕೆ ಹೋದ, ಅದೇ ಅವನ ರೀತಿ. ನೀವೇ ಹೇಳಿದ 1988 ತೆಗೆದುಕೊಳ್ಳಿ. ‘ಬ್ಯಾಟ್ 21’ರಲ್ಲಿ ವಿಯೆಟ್ನಾಂ ಕಾಡಿನಲ್ಲಿ ಸಿಕ್ಕಿಬಿದ್ದ ವಯಸ್ಸಾದ ಅಧಿಕಾರಿ. ವುಡಿ ಆ್ಯಲನ್‌ರ ‘ಅನದರ್ ವುಮನ್’ನಲ್ಲಿ ಕೆಲವೇ ನಿಮಿಷದ ಪಾತ್ರ: ಬೇರೊಬ್ಬನನ್ನ ಮದುವೆ ಆಗೋಳನ್ನ ಪ್ರೀತಿಸಿದವನು. ‘ಮಿಸಿಸಿಪ್ಪಿ ಬರ್ನಿಂಗ್’ನಲ್ಲಿ ಎಫ್‌ಬಿಐ ಏಜೆಂಟ್. ಮೂರೂ ಒಬ್ಬನೇ ಅಂತ ಗೊತ್ತಾಗುತ್ತದೆ, ಮುಖ ಬದಲಿಸೋ ಚಾಳಿ ಇವನಿಗಿಲ್ಲ. ಆದರೆ ಮೂರು ಜನರೂ ಬೇರೆ ಬೇರೆ ಮನೆಯಲ್ಲಿ ಬೆಳೆದವರು ಅನ್ನಿಸುತ್ತದೆ. ಉಳಿದೆರಡು ಸಾಧಾರಣ, ಒಪ್ಪಿದೆ.

ಇಂಡಿಯಾನಾ ರಾಗಿಮುದ್ದೆ

ನಾನು ಹನ್ನೊಂದು ವರ್ಷದಿಂದ ಇಂಡಿಯಾನಪೊಲಿಸ್‌ನಲ್ಲಿದ್ದೇನೆ. ಇಲ್ಲಿ ಹ್ಯಾಕ್‌ಮನ್ ಅಂದರೆ ಒಂದೇ ಸಿನಿಮಾ. 1986ರ ‘ಹೂಸಿಯರ್ಸ್’. ಹೂಸಿಯರ್ ಅಂದರೆ ಇಂಡಿಯಾನಾದವರು ಅಂತ. 1954ರಲ್ಲಿ ಮೈಲನ್ ಅನ್ನೋ ಚಿಕ್ಕ ಊರಿನ ಹೈಸ್ಕೂಲ್ ತಂಡ ರಾಜ್ಯದ ಬ್ಯಾಸ್ಕೆಟ್‌ಬಾಲ್ ಗೆದ್ದಿತ್ತು, ಅದರ ಎಳೆ ಹಿಡಿದು ಕಟ್ಟಿದ ಕತೆ. ಸಿನಿಮಾದಲ್ಲಿ ಊರಿನ ಹೆಸರು ಹಿಕರಿ.

ಆ ಹುಡುಗರ ಜಿಮ್ ಇಲ್ಲಿಂದ ಸುಮಾರು 50 ಕಿ.ಮೀ. ದೂರದ ನೈಟ್ಸ್‌ಟೌನ್‌ನಲ್ಲಿದೆ. ಈಗಲೂ ಹಾಗೇ ಇಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ಬಾಲ್ ಹಾಕಬಹುದು. ಬೆಂಗಳೂರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಅಮ್ಮ ಒಳಗೆ ಬಂದು ಸುತ್ತ ನೋಡಿ “ಇಷ್ಟೇನಾ?” ಅಂದರು. ನಿಜ, ಇಷ್ಟೇ. ಗೋಡೆ ಮೈಮೇಲೆ ಬರುತ್ತದೆ.

ಆ ಚಿಕ್ಕ ಜಿಮ್ ನೋಡಿದ ಮೇಲೆ ಫೈನಲ್ ನಡೆಯುವ ದೊಡ್ಡ ಅಂಗಣದ ದೃಶ್ಯ ಬೇರೆ ಥರ ಕಾಣುತ್ತದೆ. ಅದು ಇಂಡಿಯಾನಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್, 1928ರಲ್ಲಿ ಕಟ್ಟಿದ್ದು. ಹಳ್ಳಿ ಹುಡುಗರು ಒಳಗೆ ಬಂದು ಬಾಯಿಬಿಟ್ಟುಕೊಂಡು ನಿಲ್ಲುತ್ತಾರೆ. ಕೋಚ್ ಪಾತ್ರದ ಹ್ಯಾಕ್‌ಮನ್ ಭಾಷಣ ಮಾಡೋದಿಲ್ಲ. ಅಳತೆ ಟೇಪ್ ತೆಗೆದು ಕೊಡುತ್ತಾನೆ. ಫ್ರೀ ಥ್ರೋ ಗೆರೆ, ಅಂದರೆ ಅಡ್ಡಿ ಇಲ್ಲದೆ ಬಾಲ್ ಹಾಕೋಕೆ ನಿಲ್ಲುವ ಗೆರೆ, ಎಷ್ಟು ದೂರ ಅಂತ ಅಳೆಸುತ್ತಾನೆ. 15 ಅಡಿ. ಒಬ್ಬನನ್ನ ಇನ್ನೊಬ್ಬನ ಹೆಗಲ ಮೇಲೆ ಹತ್ತಿಸಿ ರಿಂಗ್ ಎತ್ತರ ಅಳೆಸುತ್ತಾನೆ. 10 ಅಡಿ. ನಮ್ಮ ಊರಿನ ಜಿಮ್‌ನಲ್ಲೂ ಇಷ್ಟೇ ಅಲ್ವಾ ಅನ್ನುತ್ತಾನೆ. ಹುಡುಗರು ನಗುತ್ತಾರೆ.

ಆಮೇಲಿನದು ಇದಕ್ಕಿಂತ ಚೆನ್ನಾಗಿದೆ. ಹುಡುಗರು ಅತ್ತ ಹೋದ ಮೇಲೆ ತಾನೇ ಒಂದು ಸಲ ಮೇಲೆ ನೋಡಿ, ಎಷ್ಟು ದೊಡ್ಡದು ಅಂತ ಗೊಣಗಿಕೊಳ್ಳುತ್ತಾನೆ. ಭಯ ಅವನಿಗೂ ಇದೆ. ಹುಡುಗರ ಮುಂದೆ ತೋರಿಸಲಿಲ್ಲ ಅಷ್ಟೇ.

ಕಡೇ ಸಾಲು

ರಾಗಿಮುದ್ದೆ ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ಆ ಸಿನಿಮಾನೂ ದುಡ್ಡಿನ ಅಡಚಣೆ ಇದ್ದಾಗ ಒಪ್ಪಿಕೊಂಡಿದ್ದು ಅಂತ ಆಮೇಲೆ ಅವನೇ ಹೇಳಿದ್ದಾನೆ. ಸೆಟ್ಟಿನಲ್ಲಿ ನಿರ್ದೇಶಕ ಡೇವಿಡ್ ಆ್ಯನ್‌ಸ್ಪಾ ಜೊತೆ ಜಗಳ. ಆ್ಯನ್‌ಸ್ಪಾಗೆ ಅದು ಮೊದಲ ಸಿನಿಮಾ, ಪಾಪ.

ಇಂಡಿಯಾನಾ ರಾಗಿಮುದ್ದೆ

ಹಾಗಾದರೆ ಇನ್ನೂ ಒಳ್ಳೆಯದಾಯಿತಲ್ಲ. ದುಡ್ಡಿಗೆ ಬಂದವನು, ಕೋಪದಲ್ಲಿ ಇದ್ದವನು, ಅಂಥಾ ಕೆಲಸ ಮಾಡಿ ಹೋದ. ಮನಸ್ಸಿಟ್ಟು ಮಾಡಿದ್ದರೆ ಇನ್ನೇನು ಆಗುತ್ತಿತ್ತೋ!

ತೂಗುಮೈಕ್

ನಾನು ಡಬ್ಬಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡೋನು. ನಟನೆ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ದನಿ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಹೊಸ ಹುಡುಗರಿಗೆ ಅಭ್ಯಾಸಕ್ಕೆ ಅಂತ ಬೇರೆ ಬೇರೆ ಭಾಷೆಯ ತುಣುಕು ಕೊಡುತ್ತೇನೆ. ತುಟಿಗೆ ಹೊಂದಿಸಿ ಕನ್ನಡದಲ್ಲಿ ಮಾತಾಡಬೇಕು. ಹ್ಯಾಕ್‌ಮನ್ ಕೊಟ್ಟರೆ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಆ ಮನುಷ್ಯನಿಗೆ ಒಂದು ನಗು ಇದೆ. ಗಂಟಲಲ್ಲೇ ಹುಟ್ಟಿ ಮೂಗಿನಲ್ಲಿ ಮುಗಿಯೋದು. ವಾಕ್ಯ ಮುಗಿದ ಮೇಲೆ ಬರೋದಿಲ್ಲ, ವಾಕ್ಯದ ಮಧ್ಯದಲ್ಲಿ ಬರುತ್ತದೆ. ನಗುತ್ತಲೇ ಮಾತು ಮುಂದುವರಿಯುತ್ತದೆ, ತಟ್ಟನೆ ನಗು ನಿಲ್ಲುತ್ತದೆ, ಮಾತು ನಿಲ್ಲೋದಿಲ್ಲ. ಆ ನಗು ನಿಂತ ಕಡೆಯೇ ಎದುರಿಗಿರೋನಿಗೆ ಬೆವರು.

‘ಮಿಸಿಸಿಪ್ಪಿ ಬರ್ನಿಂಗ್’ನಲ್ಲಿ ಊರಿನ ರೌಡಿಗಳು ಕುಡಿಯುತ್ತಾ ಕೂತ ಜಾಗಕ್ಕೆ ಒಬ್ಬನೇ ನುಗ್ಗುತ್ತಾನಲ್ಲ, ಅದು ನೋಡಿ. ದನಿ ಏರಿಸೋದೇ ಇಲ್ಲ. ನಗುತ್ತಾ, ಹರಟುತ್ತಾ ಇದ್ದವನು ಒಂದೇ ಏಟಿಗೆ ಒಬ್ಬನ ಆಯಕಟ್ಟಿನ ಜಾಗಕ್ಕೆ ಕೈ ಹಾಕಿ ಹಿಡಿದುಬಿಡುತ್ತಾನೆ. ಹಿಡಿದ ಮೇಲೂ ದನಿ ಅದೇ ಮಟ್ಟ. ಮೀಟರ್ ಮೇಲೆ ನೋಡಿದರೂ ಮುಳ್ಳು ಅಲ್ಲಾಡೋದಿಲ್ಲ ಅನ್ನಿ.

ಇನ್ನೊಂದು, ಕೇಳಿಸಿಕೊಳ್ಳೋದು. 1974ರ ‘ದಿ ಕಾನ್ವರ್ಸೇಷನ್’ನಲ್ಲಿ ಪಾತ್ರದ ಉದ್ಯೋಗವೇ ಕದ್ದು ಕೇಳೋದು. ನಿರ್ದೇಶಕ ಕಪ್ಪೊಲಾ ಅಲ್ಲಿ ಇವನನ್ನ ಟೇಪ್ ರೆಕಾರ್ಡರ್ ಮುಂದೆ ಕೂರಿಸಿ ಕೇಳಿಸಿದರು. ಆ ಕಿವಿ ಆಮೇಲೆ ಇವನನ್ನ ಬಿಟ್ಟು ಹೋಗಲೇ ಇಲ್ಲ ಅಂತ ನನಗನ್ನಿಸುತ್ತದೆ. ಎಂಬತ್ತರ ದಶಕದ ಯಾವ ಸಿನಿಮಾ ಬೇಕಾದರೂ ತೆಗೆದುಕೊಳ್ಳಿ, ಎದುರಿನವರು ಮಾತಾಡುವಾಗ ಇವನನ್ನ ನೋಡಿ. ತನ್ನ ಸರದಿ ಯಾವಾಗ ಅಂತ ಕಾಯುತ್ತಾ ಇರೋದಿಲ್ಲ.

ಬೋಂಡ ಬ್ರೇಕ್

“ಆಯಕಟ್ಟಿನ ಜಾಗ” 😂 ತೂಗುಮೈಕ್ ಸರ್‌ಗೆ ಸೆನ್ಸಾರ್ ಬೋರ್ಡಿನಲ್ಲಿ ಕೆಲಸ ಕೊಡಿ.

ದಂಡೆ

‘ಮಿಸಿಸಿಪ್ಪಿ ಬರ್ನಿಂಗ್’ ಹೊಗಳೋ ಮುಂಚೆ ಒಂದು ಮಾತು. ನಾನು ಇತಿಹಾಸ ಓದಿದವಳು, ಸುಮ್ನೆ ಇರೋಕೆ ಆಗೋದಿಲ್ಲ.

1964ರ ಜೂನ್ 21ರ ರಾತ್ರಿ ಮಿಸಿಸಿಪ್ಪಿಯ ನೆಶೋಬಾ ಕೌಂಟಿಯಲ್ಲಿ ಮೂವರು ಯುವಕರ ಕೊಲೆ ಆಯಿತು. ಜೇಮ್ಸ್ ಚೇನಿ, ಆ್ಯಂಡ್ರೂ ಗುಡ್‌ಮನ್, ಮೈಕಲ್ ಶ್ವರ್ನರ್. ಕಪ್ಪು ಜನರ ಮತದಾನದ ಹಕ್ಕಿಗಾಗಿ ಕೆಲಸ ಮಾಡುತ್ತಿದ್ದವರು. 44 ದಿನ ಆದ ಮೇಲೆ ಮಣ್ಣಿನ ಒಡ್ಡಿನ ಕೆಳಗೆ ಹೆಣ ಸಿಕ್ಕಿತು. ಸಿನಿಮಾ ಈ ಮೂವರ ಹೆಸರೂ ಹೇಳೋದಿಲ್ಲ. ಎಫ್‌ಬಿಐನ ಇಬ್ಬರು ಬಿಳಿಯರನ್ನ ನಾಯಕರಾಗಿ ಮಾಡುತ್ತದೆ. ಅಷ್ಟು ವರ್ಷ ಪೆಟ್ಟು ತಿಂದು ಚಳವಳಿ ಕಟ್ಟಿದ ಕಪ್ಪು ಜನ ಅಲ್ಲಿ ಓಡುತ್ತಾರೆ, ಅಳುತ್ತಾರೆ, ಹಾಡುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಇದನ್ನ ಆಗಲೇ ಪ್ರಶ್ನೆ ಮಾಡಿದ್ದರು. ನಿಜದಲ್ಲಿ ಎಫ್‌ಬಿಐ ಹೆಣ ಪತ್ತೆ ಮಾಡಿದ್ದು ದುಡ್ಡು ಕೊಟ್ಟು ಪಡೆದ ಸುಳಿವಿನಿಂದ. ಸಿನಿಮಾದಲ್ಲಿ ಹ್ಯಾಕ್‌ಮನ್ ಊರಿನ ಪೊಲೀಸ್ ಡೆಪ್ಯುಟಿಯ ಹೆಂಡತಿ ಮನಸ್ಸು ಗೆದ್ದು ಬಾಯಿ ಬಿಡಿಸುತ್ತಾನೆ, ಆಮೇಲೆ ಉಳಿದವರನ್ನ ಹೆದರಿಸಿ ಬಗ್ಗಿಸುತ್ತಾನೆ.

ಒಬ್ಬ ನಟ ಎಷ್ಟು ಚೆನ್ನಾಗಿ ಮಾಡಿದರೆ ಸುಳ್ಳು ಅಷ್ಟು ಗಟ್ಟಿ ಆಗುತ್ತದೆ. ಇಲ್ಲಿ ಆಗಿರೋದು ಅದೇ.

ಹಳೇ ಟಾಕೀಸ್

ದಂಡೆ ಮೇಡಂ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸಿನಿಮಾದ ತಪ್ಪು ತಪ್ಪೇ. ಬರ್ಲಿನ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು, ಆಸ್ಕರ್ ನಾಮಿನೇಷನ್ ಬಂತು, ಅವೆಲ್ಲ ಈ ತಪ್ಪನ್ನ ಅಳಿಸೋದಿಲ್ಲ.

ಒಂದು ದೃಶ್ಯ ಮಾತ್ರ ನಿಮ್ಮ ಮುಂದೆ ಇಡುತ್ತೇನೆ. ಹ್ಯಾಕ್‌ಮನ್ ಪಾತ್ರ ಆ್ಯಂಡರ್ಸನ್, ಅದೇ ರಾಜ್ಯದಲ್ಲಿ ಹಿಂದೆ ಶೆರಿಫ್ ಆಗಿದ್ದವನು. ಒಂದು ರಾತ್ರಿ ಜೊತೆಗಾರ ವಿಲೆಮ್ ಡಫೋಗೆ ತನ್ನ ಅಪ್ಪನ ಕತೆ ಹೇಳುತ್ತಾನೆ. ಪಕ್ಕದ ಹೊಲದ ಕಪ್ಪು ರೈತ ಒಂದು ಹೇಸರಗತ್ತೆ ಕೊಂಡುಕೊಂಡ. ಇವರಪ್ಪನ ಹತ್ತಿರ ಹೇಸರಗತ್ತೆ ಇಲ್ಲ. ಊರವರು ಅಪ್ಪನನ್ನ ಆಡಿಕೊಂಡರು. ಒಂದು ದಿನ ಆ ಹೇಸರಗತ್ತೆ ಸತ್ತುಬಿತ್ತು, ಯಾರೋ ವಿಷ ಹಾಕಿದ್ದರು. ಆ ರೈತ ಊರು ಬಿಟ್ಟ. ಖಾಲಿ ಹೊಲದ ಪಕ್ಕ ಹೋಗುವಾಗ ಹುಡುಗ ಅಪ್ಪನ ಮುಖ ನೋಡಿದ, ಗೊತ್ತಾಯಿತು. ಗೊತ್ತಾಗಿದೆ ಅಂತ ಅಪ್ಪನಿಗೂ ಗೊತ್ತಾಯಿತು. ಬಡತನವೇ ಅಪ್ಪನನ್ನ ಕೊಲ್ಲುತ್ತಿತ್ತು, ಅದು ಅವನಿಗೇ ಕಾಣಲಿಲ್ಲ ಅನ್ನುತ್ತಾನೆ.

ಸಿನಿಮಾ ಹೇಳದೇ ಬಿಟ್ಟ ನಿಜ ಈ ಎರಡು ನಿಮಿಷದಲ್ಲಿ ಸ್ವಲ್ಪ ಇದೆ. ದ್ವೇಷ ಎಲ್ಲಿಂದ ಬರುತ್ತದೆ, ಯಾರ ಮನೆಯಿಂದ ಬರುತ್ತದೆ ಅಂತ. ಅಪ್ಪನ ಮೇಲೆ ಅಸಹ್ಯವೂ ಇದೆ, ಅಪ್ಪನ ಪರವಾಗಿ ನಾಚಿಕೆಯೂ ಇದೆ. ಎರಡನ್ನೂ ಒಂದೇ ಮುಖದಲ್ಲಿ ಇಡುತ್ತಾನೆ.

ದಂಡೆ

ಆ ದೃಶ್ಯ ನನಗೂ ನೆನಪಿದೆ. ಚೆನ್ನಾಗಿದೆ. ಆದರೂ ನೋಡಿ, ಅಲ್ಲಿಯೂ ಕತೆ ಬಿಳಿಯನ ಅಪ್ಪನದು. ಹೇಸರಗತ್ತೆ ಕಳೆದುಕೊಂಡವನು ಎಲ್ಲಿ ಹೋದ ಅಂತ ಯಾರೂ ಕೇಳಲಿಲ್ಲ.

ನೀಲಿ ಪೆನ್ನು

ಮೂರು ದಿನದಿಂದ ಸುಮ್ನೆ ಓದುತ್ತಾ ಇದ್ದೆ. ಅಪ್ಪನ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ಹ್ಯಾಕ್‌ಮನ್‌ಗೆ 13 ವರ್ಷ ಇದ್ದಾಗ ಅವರಪ್ಪ ಮನೆ ಬಿಟ್ಟು ಹೋದರು. ಹುಡುಗ ಬೀದಿಯಲ್ಲಿ ಆಡುತ್ತಿದ್ದ. ಅಪ್ಪ ಕಾರಿನಲ್ಲಿ ಹೋಗುತ್ತಾ ಒಂದು ಸಲ ಕೈ ಬೀಸಿದರು. ಅಷ್ಟೇ. ಇನ್ನು ಬರೋದಿಲ್ಲ ಅಂತ ಹುಡುಗನಿಗೆ ಆ ಕೈ ನೋಡಿಯೇ ತಿಳಿಯಿತಂತೆ. ಇಷ್ಟು ಚಿಕ್ಕ ಸನ್ನೆಯಲ್ಲಿ ಎಷ್ಟು ಹೇಳಬಹುದು ಅಂತ ಆಗಲೇ ಗೊತ್ತಾಯಿತು, ಬಹುಶಃ ಅದಕ್ಕೇ ನಟನಾದೆನೋ ಏನೋ ಅನ್ನೋ ಅರ್ಥದಲ್ಲಿ ಮುಪ್ಪಿನಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ದರು.

ಈಗ ಟಾಕೀಸ್ ಅವರ ಪಟ್ಟಿ ನೋಡಿ. ‘ನೈಟ್ ಮೂವ್ಸ್’ನಲ್ಲಿ ಮೋಸ್ಬಿ ತನ್ನನ್ನ ಬಿಟ್ಟು ಹೋದ ಅಪ್ಪನನ್ನ ಹುಡುಕಿಕೊಂಡು ಹೋಗಿದ್ದ ಕತೆ ಹೇಳುತ್ತಾನೆ. ಪಾರ್ಕಿನ ಬೆಂಚಿನ ಮೇಲೆ ಒಬ್ಬ ಮುದುಕ, ಪೇಪರಿನ ಕಾಮಿಕ್ಸ್ ಓದುತ್ತಾ ಕೂತಿದ್ದ. ಇವನು ದೂರ ನಿಂತು ನೋಡಿದ, ಮಾತಾಡದೆ ವಾಪಸ್ ಬಂದ. ಅದಕ್ಕೂ ಮುಂಚೆ 1970ರಲ್ಲಿ ಎರಡನೇ ಆಸ್ಕರ್ ನಾಮಿನೇಷನ್ ಬಂದದ್ದೂ ಅಪ್ಪ ಮಗನ ಕತೆಗೆ, ‘ಐ ನೆವರ್ ಸ್ಯಾಂಗ್ ಫಾರ್ ಮೈ ಫಾದರ್’.

ಇದೆಲ್ಲಕ್ಕಿಂತ ನನಗೆ ಮುಖ್ಯ 1985ರ ‘ಟ್ವೈಸ್ ಇನ್ ಎ ಲೈಫ್‌ಟೈಮ್’. ಅದರಲ್ಲಿ ಮನೆ ಬಿಟ್ಟು ಹೋಗುವ ಅಪ್ಪ ಇವನೇ. ಉಕ್ಕಿನ ಕಾರ್ಖಾನೆ ಕೆಲಸಗಾರ. 50ನೇ ಹುಟ್ಟಿದ ಹಬ್ಬದ ದಿನ ಬಾರಿನಲ್ಲಿ ಒಬ್ಬಳನ್ನ ಭೇಟಿ ಆಗುತ್ತಾನೆ, ಅವಳ ಹಿಂದೆ ಹೊರಟುಬಿಡುತ್ತಾನೆ. ಹೆಂಡತಿ ಕೆಟ್ಟವಳಲ್ಲ, ಬಾರಿನವಳೂ ಕೆಟ್ಟವಳಲ್ಲ. ದೊಡ್ಡ ಮಗಳು ಬಾರಿಗೇ ನುಗ್ಗಿ ಎಲ್ಲರ ಮುಂದೆ ಅಪ್ಪನಿಗೆ ಬೈಯುತ್ತಾಳೆ. ಆ ಮಗಳ ಪಾತ್ರದ ಏಮಿ ಮ್ಯಾಡಿಗನ್‌ಗೆ ಆಸ್ಕರ್ ನಾಮಿನೇಷನ್ ಬಂತು, ಬರಲೇಬೇಕಿತ್ತು. ಆದರೆ ಅವಳಿಗೆ ಬೈಯೋಕೆ ಜಾಗ ಮಾಡಿಕೊಟ್ಟವನು ಹ್ಯಾಕ್‌ಮನ್. ತೂಗುಮೈಕ್ ಹೇಳಿದ ಕೇಳಿಸಿಕೊಳ್ಳೋದು ಅಂದರೆ ಅದೇ.

ಆ ಸಿನಿಮಾ ಬಂದ ಮರುವರ್ಷ, 1986ರಲ್ಲಿ, ಅವನ ಸ್ವಂತ ಮೊದಲ ಮದುವೆಯೂ ಮುರಿಯಿತು. ಮೂರು ಮಕ್ಕಳು.

ಕಡೇ ಸಾಲು

ನೀಲಿ ಪೆನ್ನು ಮೇಡಂ, ಓದೋಕೆ ಚೆನ್ನಾಗಿದೆ. ಆದರೆ ಇದು ಜಾತಕ ಹೊಂದಿಸಿದ ಹಾಗಾಯಿತು. ‘ನೈಟ್ ಮೂವ್ಸ್’ನ ಬೆಂಚಿನ ಕತೆ ಬರೆದವನು ಚಿತ್ರಕಥೆಗಾರ ಆ್ಯಲನ್ ಶಾರ್ಪ್. ಹೇಸರಗತ್ತೆ ಕತೆಯೂ ಹ್ಯಾಕ್‌ಮನ್ ಬರೆದದ್ದಲ್ಲ. ಹಾಲಿವುಡ್‌ನಲ್ಲಿ ಅಪ್ಪನ ಕತೆ ಇಲ್ಲದ ಸಿನಿಮಾ ಎಷ್ಟಿವೆ? ಮನೆ ಬಿಟ್ಟು ಹೋದ ಅಪ್ಪಂದಿರಿಗೆಲ್ಲ ನಟರು ಹುಟ್ಟುವುದಾದರೆ ನಮ್ಮ ಬೀದಿಯಲ್ಲೇ ನಾಲ್ಕು ಜನ ಇರಬೇಕಿತ್ತು.

ನೀಲಿ ಪೆನ್ನು

ಬರೆದವರು ಬೇರೆ, ಸರಿ. ಅವನ ಬಾಯಲ್ಲಿ ಬಂದಾಗ ನಿಜ ಅನ್ನಿಸಿತು. ನಾನು ಹೇಳಿದ್ದು ಅಷ್ಟೇ ರೀ. ಜಾತಕ ನಾನು ನೋಡೋದಿಲ್ಲ.

ಹೊಸಚಿಗುರು

ನನಗೆ 22. ಹ್ಯಾಕ್‌ಮನ್ ಅಂದರೆ ‘ದಿ ರಾಯಲ್ ಟೆನೆನ್‌ಬಾಮ್ಸ್’ ತಾತ ಅಷ್ಟೇ ಗೊತ್ತು. ಎಲ್ಲಿಂದ ಶುರು ಮಾಡಲಿ? ಹಳೇ ಸಿನಿಮಾ ನಿಧಾನ ಇದ್ದರೆ ನಿದ್ದೆ ಬರುತ್ತದೆ, ಬೈಬೇಡಿ.

ಹಳೇ ಟಾಕೀಸ್

ಬೈಯೋದು ಯಾಕಪ್ಪಾ. ನಿದ್ದೆ ಬರಬಾರದು ಅಂದರೆ 1987ರ ‘ನೋ ವೇ ಔಟ್’ ನೋಡು. ಕೆವಿನ್ ಕಾಸ್ಟ್ನರ್ ನಾಯಕ. ಹ್ಯಾಕ್‌ಮನ್ ಅಮೆರಿಕದ ರಕ್ಷಣಾ ಸಚಿವ. ಪ್ರೇಯಸಿ ಬೇರೊಬ್ಬನ ಜೊತೆ ಇದ್ದಳು ಅನ್ನೋ ಸಿಟ್ಟಿನಲ್ಲಿ ಅವಳಿಗೆ ಹೊಡೆಯುತ್ತಾನೆ, ಅವಳು ಮಹಡಿಯಿಂದ ಬಿದ್ದು ಸಾಯುತ್ತಾಳೆ. ಆಮೇಲೆ ಈ ದೊಡ್ಡ ಮನುಷ್ಯ ಹೇಗೆ ಕುಗ್ಗುತ್ತಾನೆ ನೋಡು. ಅಪ್ಪಣೆ ಕೊಡೋಕೆ ಬಂದವನು ತನ್ನ ಸಹಾಯಕ ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾನೆ. ನಮ್ಮಲ್ಲಿ ವಜ್ರಮುನಿ ಅವರ ಥರದ ಖಳನನ್ನ ನೋಡಿ ಬೆಳೆದವರು ನಾವು, ಅಲ್ಲಿ ಗರ್ಜನೆಯೇ ಚೆಂದ. ಇಲ್ಲಿ ಖಳ ಬಲೂನಿನ ಗಾಳಿ ಹೋದ ಹಾಗೆ ಸಣ್ಣಗಾಗುತ್ತಾನೆ.

ಎರಡನೆಯದು 1983ರ ‘ಅಂಡರ್ ಫೈರ್’. 1979ರ ನಿಕರಾಗುವಾ, ಅಂತರ್ಯುದ್ಧ. ಹ್ಯಾಕ್‌ಮನ್ ಒಬ್ಬ ಪತ್ರಕರ್ತ. ಗೆಳತಿ ತನ್ನನ್ನ ಬಿಟ್ಟು ತನ್ನದೇ ಸ್ನೇಹಿತ ನಿಕ್ ನೋಲ್ಟಿ ಕಡೆ ಹೋಗಿದ್ದಾಳೆ. ಇವನಿಗೆ ಗೊತ್ತು. ಗೊತ್ತಿದ್ದೂ ಸ್ನೇಹ ಬಿಡೋದಿಲ್ಲ. ಒಂದು ದಿನ ದಾರಿ ತಪ್ಪಿದಾಗ ಕಾರಿನಿಂದ ಇಳಿದು ರಸ್ತೆಯಲ್ಲಿರೋ ಸೈನಿಕರ ಹತ್ತಿರ ದಾರಿ ಕೇಳೋಕೆ ಹೋಗುತ್ತಾನೆ. ಫೋಟೋಗ್ರಾಫರ್ ನೋಲ್ಟಿ ಸುಮ್ನೆ ದೂರದಿಂದ ಕ್ಯಾಮೆರಾ ಕ್ಲಿಕ್ ಮಾಡುತ್ತಾ ಇರುತ್ತಾನೆ. ಸೈನಿಕರು ಗುಂಡು ಹೊಡೆದುಬಿಡುತ್ತಾರೆ. ದೊಡ್ಡ ಸಾವಿನ ದೃಶ್ಯ ಇಲ್ಲ, ಸಂಗೀತ ಇಲ್ಲ, ಕೊನೆ ಮಾತಿಲ್ಲ. ದೂರದಲ್ಲಿ ಒಬ್ಬ ಮನುಷ್ಯ ನೆಲಕ್ಕೆ ಬೀಳುತ್ತಾನೆ. ನಿಜವಾಗಿಯೂ 1979ರಲ್ಲಿ ಅದೇ ದೇಶದಲ್ಲಿ ಅಮೆರಿಕದ ಟಿವಿ ವರದಿಗಾರ ಬಿಲ್ ಸ್ಟುವರ್ಟ್ ಹೀಗೇ ಕ್ಯಾಮೆರಾ ಮುಂದೆ ಸೈನಿಕನ ಗುಂಡಿಗೆ ಸತ್ತಿದ್ದರು. ಇಷ್ಟು ದೊಡ್ಡ ನಟ ತನ್ನ ಸಾವನ್ನ ಇಷ್ಟು ಚಿಕ್ಕದಾಗಿ ಮಾಡೋಕೆ ಒಪ್ಪಿದನಲ್ಲ ಅಂತ ಪ್ರತಿ ಸಲವೂ ಆಶ್ಚರ್ಯ.

ತೂಗುಮೈಕ್

ಇನ್ನೂ ಒಂದು ಸೇರಿಸಿ. ‘ಫ್ರೆಂಚ್ ಕನೆಕ್ಷನ್ 2’, 1975. ಎರಡನೇ ಭಾಗ ಅಂತ ಯಾರೂ ಲೆಕ್ಕಕ್ಕೆ ಇಡೋದಿಲ್ಲ. ಫ್ರಾನ್ಸ್‌ನ ಮಾರ್ಸೆಲ್‌ನಲ್ಲಿ ಖಳರು ಅಮೆರಿಕದ ಪೊಲೀಸ್ ಪಾತ್ರದ ಇವನಿಗೆ ಹೆರಾಯಿನ್ ಚುಚ್ಚಿ ಚಟ ಹಿಡಿಸಿ ಬಿಸಾಡುತ್ತಾರೆ. ಪೊಲೀಸರು ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸುತ್ತಾರೆ. ಆಗ ಎದುರಿನ ಫ್ರೆಂಚ್ ಪೊಲೀಸನಿಗೆ ಬೇಸ್‌ಬಾಲ್ ಕತೆ ಹೇಳುತ್ತಾನೆ, ತಾನು ಹಿಂದೆ ಯಾಂಕೀಸ್ ತಂಡಕ್ಕೆ ಸೇರೋಕೆ ಹೋಗಿದ್ದು, ಅಲ್ಲಿ ಮಿಕ್ಕಿ ಮ್ಯಾಂಟಲ್ ಅನ್ನೋ ಆಟಗಾರನ ಆಟ ಕಂಡು ಆಸೆ ಬಿಟ್ಟಿದ್ದು. ಕೇಳೋನಿಗೆ ಬೇಸ್‌ಬಾಲ್ ತಲೆಬುಡ ಗೊತ್ತಿಲ್ಲ. ಇವನು ನಗುತ್ತಾ ಹೇಳುತ್ತಾ ಹೇಳುತ್ತಾ ಅಳೋಕೆ ಶುರು ಮಾಡುತ್ತಾನೆ. ಎಲ್ಲಿ ನಗು ಮುಗಿದು ಎಲ್ಲಿ ಅಳು ಶುರುವಾಯಿತು ಅಂತ ನಾನು ಹೆಡ್‌ಫೋನ್ ಹಾಕಿ ಹಿಂದೆ ಮುಂದೆ ಮಾಡಿ ಹುಡುಕಿದ್ದೇನೆ. ಸಿಗಲಿಲ್ಲ.

ದಂಡೆ

ನನ್ನ ಕಡೆಯಿಂದ ಒಂದು. ‘ಮಿಸಿಸಿಪ್ಪಿ ಬರ್ನಿಂಗ್’ ವರ್ಷದ ಆಸ್ಕರ್‌ನಲ್ಲಿ ಹ್ಯಾಕ್‌ಮನ್‌ರನ್ನ ಸೋಲಿಸಿದ್ದು ಯಾರು ಗೊತ್ತಾ? ‘ರೇನ್ ಮ್ಯಾನ್’ಗೆ ಡಸ್ಟಿನ್ ಹಾಫ್‌ಮನ್. ಜೊತೆಗೆ ಉದ್ಧಾರ ಆಗೋದಿಲ್ಲ ಅನ್ನಿಸಿಕೊಂಡಿದ್ದ ಅದೇ ಗೆಳೆಯ. ಇಬ್ಬರೂ ಒಂದೇ ದೃಶ್ಯದಲ್ಲಿ ಎದುರುಬದುರು ನಿಂತಿದ್ದು 2003ರಲ್ಲಿ, ‘ರನ್‌ಅವೇ ಜ್ಯೂರಿ’ಯಲ್ಲಿ. ಅದೂ ಕೋರ್ಟಿನ ಬಾತ್‌ರೂಮಿನಲ್ಲಿ.

ಇನ್ನೊಂದು, ಇದು ಅವರ ಪರವಾಗಿ. ಮಿಸಿಸಿಪ್ಪಿ ಆದ ಮೇಲೆ ಹಿಂಸೆಯ ಸಿನಿಮಾ ಸಾಕು ಅನ್ನಿಸಿತ್ತು ಅವರಿಗೆ. ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಕಾದಂಬರಿಯ ಹಕ್ಕು ಪಡೆಯೋದರಲ್ಲಿ ಪಾಲುದಾರರಾಗಿದ್ದರು, ತಾವೇ ನಿರ್ದೇಶನ ಮಾಡುವ ಯೋಚನೆ ಇತ್ತು, ಬಿಟ್ಟುಬಿಟ್ಟರು. ‘ಅನ್‌ಫರ್ಗಿವನ್’ಗೂ ಮೊದಲು ಆಗೋದಿಲ್ಲ ಅಂದಿದ್ದರು. ಇದು ಹಿಂಸೆಯನ್ನ ಹೊಗಳುವ ಸಿನಿಮಾ ಅಲ್ಲ ಅಂತ ನಿರ್ದೇಶಕ ಕ್ಲಿಂಟ್ ಈಸ್ಟ್‌ವುಡ್ ಹೇಳಿ ಒಪ್ಪಿಸಬೇಕಾಯಿತು. ಸಿಕ್ಕಿದ್ದಕ್ಕೆಲ್ಲ ಸಹಿ ಹಾಕುವವರು ಹೀಗೆ ಮಾಡೋದಿಲ್ಲ, ಕಡೇ ಸಾಲು.

ಇಂಡಿಯಾನಾ ರಾಗಿಮುದ್ದೆ

ಕಡೇ ಸಾಲು ಅವರು ಎರಡು ದಿನದಿಂದ ಮೌನ. ಸೋತಿರಾ?

ಕಡೇ ಸಾಲು

ಸೋತಿಲ್ಲ ಮೇಡಂ, ಸಿನಿಮಾ ನೋಡುತ್ತಿದ್ದೆ. ನಿನ್ನೆ ರಾತ್ರಿ ಮಗನ ಜೊತೆ ‘ಹೂಸಿಯರ್ಸ್’ ಹಾಕಿದೆ. ಹತ್ತು ವರ್ಷದ ಹಿಂದೆ ನೋಡಿದ್ದು, ಪೂರ್ತಿ ಮರೆತಿತ್ತು.

ಮೊದಲ ಅರ್ಧ ಗಂಟೆ ನನಗೆ ಈಗಲೂ ಎಳೆದ ಹಾಗೆ ಅನ್ನಿಸಿತು. ಟೀಚರ್ ಜೊತೆಗಿನ ಪ್ರೀತಿ ಪ್ರಸಂಗ ಬೇಕಾಗಿರಲಿಲ್ಲ. ಆದರೆ ಡೆನಿಸ್ ಹಾಪರ್‌ನ ಕುಡುಕನ ಪಾತ್ರ ಇದೆಯಲ್ಲ, ಊರವರೆಲ್ಲ ಬಿಟ್ಟುಬಿಟ್ಟ ಅಪ್ಪ. ಕೋಚ್ ಅವನನ್ನ ಸಹಾಯಕನಾಗಿ ಇಟ್ಟುಕೊಳ್ಳುತ್ತಾನೆ. ಒಂದು ಮ್ಯಾಚ್ ನಡುವೆ ಬೇಕು ಅಂತಲೇ ರೆಫರಿ ಜೊತೆ ಜಗಳ ತೆಗೆದು ತನ್ನನ್ನೇ ಹೊರಗೆ ಹಾಕಿಸಿಕೊಳ್ಳುತ್ತಾನೆ, ತಂಡವನ್ನ ಹಾಪರ್ ನಡೆಸಲಿ ಅಂತ. ಹಾಪರ್ ಕೈಕಾಲು ನಡುಗುತ್ತಾ ಇರುತ್ತದೆ. ಹ್ಯಾಕ್‌ಮನ್ ಹೊರಗೆ ಹೋಗುವಾಗ ಮುಖದಲ್ಲಿ ತುಂಟ ಹುಡುಗನ ಕಳೆ. ಅದಕ್ಕೆ ಹಾಪರ್‌ಗೆ ನಾಮಿನೇಷನ್ ಬಂತು, ಇವನಿಗೆ ಬರಲಿಲ್ಲ. ನೀಲಿ ಪೆನ್ನು ಹೇಳಿದ ಜಾಗ ಮಾಡಿಕೊಡೋ ಮಾತು ಇಲ್ಲಿ ನನಗೂ ಕಾಣಿಸಿತು. ಅಪ್ಪನ ಜಾತಕ ಮಾತ್ರ ಈಗಲೂ ಒಪ್ಪೋದಿಲ್ಲ.

ಟೇಪ್ ದೃಶ್ಯ ಮುಗಿದದ್ದೇ ತಡ ಮಗ ಎದ್ದು ಹೋಗಿ ಟೂಲ್ ಡಬ್ಬಿಯಿಂದ ಟೇಪ್ ತಂದ. ನಮ್ಮ ಹಾಲ್ ಅಳೆದ. 13 ಅಡಿ. ಫ್ರೀ ಥ್ರೋ ಹಾಕಬೇಕಾದರೆ ಅಡುಗೆಮನೆ ಒಳಗೆ ನಿಲ್ಲಬೇಕು ಅಪ್ಪಾ ಅಂದ. ಈಗ ಅಡುಗೆಮನೆ ಬಾಗಿಲಲ್ಲಿ ಸೀಮೆಸುಣ್ಣದ ಗೆರೆ ಇದೆ, ಹೆಂಡತಿ ನನಗೆ ಬೈಯುತ್ತಿದ್ದಾಳೆ.

‘ಸೂಪರ್‌ಮ್ಯಾನ್ 4’ ಮಾತ್ರ ಕೆಟ್ಟ ಆಯ್ಕೆಯೇ, ಆ ಮಾತು ವಾಪಸ್ ತೆಗೆದುಕೊಳ್ಳೋದಿಲ್ಲ.

ಬೋಂಡ ಬ್ರೇಕ್

ಅದರಲ್ಲಿ ನ್ಯೂಕ್ಲಿಯರ್ ಮ್ಯಾನ್ ಅಂತ ಇನ್ನೊಬ್ಬ ಖಳ ಇದ್ದಾನಲ್ಲ, ಅವನ ದನಿಯೂ ಹ್ಯಾಕ್‌ಮನ್‌ರದ್ದೇ ಮಾರಾಯ್ರೆ. ಎರಡು ಸಂಬಳ ಕೊಟ್ಟಿರಬಹುದಾ?